ಅರ್ಧ ಟ್ಯಾಂಕ್ ಇದೆ ಸ್ವಾಮಿ!

ಆ ಕಂಡಕ್ಟರ್ ಕಡ್ಡಿ ಎತ್ತಿ ಹಿಡಿದ ರೀತಿ ಇದೆಯಲ್ಲ, ಅದು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಮಡಿಕೇರಿ ಹತ್ತಿರದ ಬೋಯಿಕೇರಿ ಏರು. ಶನಿವಾರ ಬೇರೆ, ಹಿಂದೆ ಟೂರಿಸ್ಟ್ ಗಾಡಿಗಳ ಸಾಲು. ಜೀಪು ಎರಡು ಸಲ ಕೆಮ್ಮಿ ನಿಂತಿತು. ಹಿಂದಿನ ಸೀಟಿನಲ್ಲಿ ಅತ್ತೆ, ಮದುವೆಗೆ ಉಟ್ಟ ಸೀರೆಯಲ್ಲಿ. ಬಸ್ಸಿನಿಂದ ಇಳಿದು ಬಂದ ಕಂಡಕ್ಟರ್, "ಡೀಸೆಲ್ ಇದ್ಯಾ ನೋಡಿ ಮೊದ್ಲು" ಅಂದ. ನಾನು ಎಷ್ಟು ಗತ್ತಿನಲ್ಲಿ ಹೇಳಿದೆ ಗೊತ್ತಾ? "ಅರ್ಧ ಟ್ಯಾಂಕ್ ಇದೆ ಸ್ವಾಮಿ, ಮೀಟರ್ ನೋಡಿ."

ಅವನು ಮೀಟರ್ ನೋಡಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದ. ಬೇಲಿಯಾಚೆಯ ಕಾಫಿ ಗಿಡದಿಂದ ಒಂದು ಕಡ್ಡಿ ಮುರಿದ, ಎಲೆ ಸವರಿದ, ಒಳಗೆ ಇಳಿಸಿದ, ಎಳೆದ. ತುದಿಯಲ್ಲಿ ಉಗುರಿನಷ್ಟು ಒದ್ದೆ. ಅದನ್ನ ನನಗೆ ತೋರಿಸಿದ್ದರೆ ಸಾಕಿತ್ತಲ್ವಾ? ಬಸ್ಸಿನ ಕಿಟಕಿಗಳ ಕಡೆ ತಿರುಗಿಸಿ ಹಿಡಿದ. "ಅರ್ಧ ಟ್ಯಾಂಕ್ ಅಂತೆ!" ಇಡೀ ಬಸ್ಸು ನಕ್ಕಿತು. ಅತ್ತೆನೂ ನಕ್ಕರು. ಕನ್ನಡಿಯಲ್ಲಿ ಕಂಡಿತು.

ನನ್ನ ಸಿಟ್ಟು ಅವನ ಮೇಲಲ್ಲ. ಸರಿ, ಸ್ವಲ್ಪ ಅವನ ಮೇಲೂ ಇದೆ. ಆದರೆ ಆ ಮೆಕ್ಯಾನಿಕ್! ಆರು ವರ್ಷ ಡೀಸೆಲ್ ಮೀಟರಿನ ಮುಳ್ಳು ಸತ್ತು ಬಿದ್ದಿತ್ತು. ನಾನೂ ಕಡ್ಡಿ ಹಾಕಿಯೇ ನೋಡುತ್ತಿದ್ದೆ, ಒಂದು ದಿನವೂ ದಾರಿಯಲ್ಲಿ ನಿಂತಿರಲಿಲ್ಲ. ರಿಪೇರಿ ಮಾಡಿಸು ಅಂತ ನನಗೆ ಯಾರು ಹೇಳಿದ್ದರು? ಮೊದಲು ಮೀಟರ್ ಬದಲಾಯಿಸಿದ, 1,100. ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಟ್ಯಾಂಕಿನೊಳಗೆ ತೇಲುತ್ತಾ ಡೀಸೆಲ್ ಮಟ್ಟವನ್ನ ಮೀಟರಿಗೆ ತಿಳಿಸುವ ಫ್ಲೋಟ್, 1,600. ಫ್ಲೋಟಿನ ವೈರ್ ಬಿಚ್ಚಿ ಜೀಪಿನ ಕಬ್ಬಿಣಕ್ಕೆ ಮುಟ್ಟಿಸು ಮಾರಾಯ, ಮುಳ್ಳು ಓಡಿದರೆ ಮೀಟರ್ ಸರಿ ಇದೆ ಅಂತ ಮೊದಲೇ ಹೇಳಿದ್ದೆ. ಎರಡು ನಿಮಿಷದ ಕೆಲಸ. "ಅಣ್ಣ, ನೀವು ಕಾಫಿ ನೋಡ್ಕೊಳ್ಳಿ" ಅಂದ.

ಯಾವುದೋ ಗಾಡಿಯ ಫ್ಲೋಟ್ ತಂದು, ಅದರ ಕಂಬಿ ಕೈಯಲ್ಲೇ ಬಗ್ಗಿಸಿ ಕೂರಿಸಿದ್ದಾನೆ. ಅದು ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ಡೀಸೆಲ್ ಇಳಿದರೂ ಫ್ಲೋಟ್ ಇಳಿಯಲ್ಲ. ಹತ್ತು ದಿನ ಮುಳ್ಳು ಅರ್ಧದಲ್ಲೇ ಇತ್ತು. ಬುದ್ಧಿ ಇರುವವರಿಗೆ ಅನುಮಾನ ಬರಬೇಕು. ನಾನು ಮಾವನ ಹತ್ತಿರ ಹೋಗಿ, ಜೀಪು ಈಗ ಒಳ್ಳೇ ಮೈಲೇಜ್ ಕೊಡ್ತಿದೆ ಅಂತ ಜಂಬ ಕೊಚ್ಚಿಕೊಂಡೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಏನಂದ ಗೊತ್ತಾ? "ಹಳೇ ಗಾಡಿ ಅಲ್ವಾ ಅಣ್ಣ, ಮೀಟರ್ ನಂಬ್ಕೊಂಡು ಹೋಗಬಾರದು." ಹಾಗಾದರೆ 2,700 ಯಾವುದಕ್ಕೆ? ಯಾರಾದರೂ ಉತ್ತರ ಕೊಡಿ. ಸತ್ತ ಮುಳ್ಳು ಸುಳ್ಳಂತೂ ಹೇಳುತ್ತಿರಲಿಲ್ಲ!

ಸುಂಟಿಕೊಪ್ಪದಿಂದ ಕ್ಯಾನಿನಲ್ಲಿ ಐದು ಲೀಟರ್ ಬಂತು. ಸುರಿದರೆ ಸಾಕಾ? ಡೀಸೆಲ್ ಪೈಪಿನಲ್ಲೆಲ್ಲ ಗಾಳಿ. ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪ್ ಒತ್ತಿ ಒತ್ತಿ ಹೆಬ್ಬೆರಳು ಬಾತುಕೊಂಡಿತು. ಮುಹೂರ್ತ ತಪ್ಪಿತು. ಊಟ ಸಿಕ್ಕಿತು, ಆದರೆ ಪಂದಿಕರಿ ಬಾಯಿಗಿಟ್ಟರೂ ಕೈಯಿಂದ ಡೀಸೆಲ್ ವಾಸನೆ.

ಮಾರಿಬಿಡುತ್ತೇನೆ. ಎಲ್ಲಿ ಮಾರೋದು, ಅಪ್ಪನ ಜೀಪು. ಸೋಮವಾರ ಮತ್ತೆ ಅವನ ಹತ್ತಿರವೇ ಹೋಗಬೇಕು, ಮಳೆಗಾಲದಲ್ಲಿ ತೋಟದವರೆಗೆ ಬರುವವನು ಅವನೊಬ್ಬನೇ.

ಕಂಡಕ್ಟರ್ ಕಡ್ಡಿ ಬಿಸಾಕಿಲ್ಲ. ಸೀಟಿನ ಕೆಳಗಿದೆ. ಐದು ಲೀಟರಿಗೆ ಎಲ್ಲಿವರೆಗೆ ಒದ್ದೆಯಾಗುತ್ತದೋ ಅಲ್ಲಿ ಕತ್ತಿಯಲ್ಲಿ ಒಂದು ಗೀರು ಹಾಕಿದ್ದೇನೆ.