ಹಾಲು ಮುಗದಾವೇನು?

ನಮ್ಮ ಧಾರವಾಡದ ಕಡೆ ‘ಬರ್ರಿ, ಚಾ ಕುಡಿಯೂಣು’ ಅಂದರೆ ಅದಕ್ಕೂ ಚಹಾಕ್ಕೂ ಹೆಚ್ಚಿನ ಸಂಬಂಧವಿಲ್ಲ. ಕೈಗಡ ಕೇಳುವುದಿದೆ, ಹುಡುಗಿಯ ಜಾತಕ ಕೊಡುವುದಿದೆ, ಇಲ್ಲವೇ ಇಷ್ಟು ಬೇಗ ಮನೆಗೆ ಹೋಗುವ ಮನಸ್ಸಿಲ್ಲ ಎಂದರ್ಥ. ಕಪ್ಪಿನಿಂದ ಬಸಿಗೆ ಸುರುವಿಕೊಂಡು ಸೊರ್ರನೆ ಎಳೆಯುತ್ತ ಚಹಾದ ರುಚಿಯ ಬಗ್ಗೆ ಮಾತು ತೆಗೆದವರನ್ನು ನಾನು ಕಂಡಿಲ್ಲ. ತೆಗೆದರೆ ಸಕ್ಕರೆ ಕಡಿಮೆಯಾಗಿದೆ ಎಂದೇ ಲೆಕ್ಕ.

ಇಂಥ ಊರಲ್ಲಿ ನನಗೆ ಚಹಾದ ಹುಚ್ಚು ಹಿಡಿಯಿತು. ಕುಡಿಯುವ ಹುಚ್ಚಲ್ಲ, ಅದು ಮೊದಲಿನಿಂದಲೂ ಇತ್ತು. ಗೆಳೆಯನೊಬ್ಬ ಡಾರ್ಜಿಲಿಂಗ್‌ನಿಂದ ಒಂದು ಪೊಟ್ಟಣ ತಂದುಕೊಟ್ಟ. ಬಿಚ್ಚಿದರೆ ಪುಡಿಯೇ ಇಲ್ಲ, ಒಣಗಿ ಮುರುಟಿದ ಎಲೆ. ನಮ್ಮ ಡಬ್ಬಿಯ ಸಾಸಿವೆಯಂಥ ಕಾಳು ಸಿಟಿಸಿ ಯಂತ್ರದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಆ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತುತ್ತದೆ. ಹಾಲು, ಸಕ್ಕರೆ, ಶುಂಠಿ ಮೂರೂ ಮೈಮೇಲೆ ಬಿದ್ದರೂ ಜಗ್ಗದ ಕಡಕ್ ಜಾತಿ ಅದು. ಡಾರ್ಜಿಲಿಂಗ್ ಎಲೆ ಮದುವೆಮನೆಯಲ್ಲಿ ಮೂಲೆ ಹಿಡಿದು ಕೂತ ನೆಂಟನ ಹಾಗೆ. ನಾವಾಗಿಯೇ ಹೋಗಿ ಮಾತಾಡಿಸಬೇಕು.

ಮಾತಾಡಿಸಲು ಸರಂಜಾಮು ಬಂತು: ಒಂದು ಥರ್ಮಾಮೀಟರು, ಅಕ್ಕಸಾಲಿಗರ ಹತ್ತಿರ ಇರುವಂಥ ಪುಟ್ಟ ತಕ್ಕಡಿ, ಒಂದು ನೋಟ್‌ಬುಕ್ಕು. ಹಸಿರು ಚಹಾ, ಊಲಾಂಗ್, ಕಪ್ಪು ಚಹಾ ಎಲ್ಲ ಒಂದೇ ಗಿಡದ ಮಕ್ಕಳಂತೆ. ಹಸಿರಿನ ಮೇಲೆ ಮಾತ್ರ ಕುದಿನೀರು ಸುರಿದರೆ ಮುನಿಸಿಕೊಂಡು ಕಹಿಯಾಗುತ್ತದೆ, 80 ಡಿಗ್ರಿ ಸಾಕು. ರುಚಿ ನೋಡುವ ಕಸುಬಿನವರಿಗೆಂದು ಐಎಸ್‌ಒ 3103 ಎಂಬ ಮಾನಕವೇ ಇದೆ: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ನಮ್ಮವ್ವನ ಮಾನಕ ಎರಡು ಚಿಮಟಿ, ಮೂರು ಸಲ ಉಕ್ಕುವ ತನಕ. ಆರು ನಿಮಿಷಕ್ಕೆ ನನ್ನದು ಕಷಾಯವಾಗಿ, ಗುಟ್ಟಾಗಿ ಮೂರಕ್ಕೆ ಇಳಿದಿದ್ದೇನೆ.

ಮೊನ್ನೆ ಹಳ್ಳಿಯಿಂದ ಸೋದರಮಾವ ಬಂದಿದ್ದ. ನಾನು ತೂಗಿದೆ, ಸುರಿದೆ, ಮುಚ್ಚಿದೆ, ಗಡಿಯಾರ ನೋಡುತ್ತ ಮೂರು ನಿಮಿಷ ಬಾಯಿ ಮುಚ್ಚಿ ಕೂತೆ. ನಮ್ಮ ಮನೆಯಲ್ಲಿ ಚಹಾದ ಹೊತ್ತಿಗೆ ಅಂಥ ಮೌನ ಎಂದೂ ಆಗಿರಲಿಲ್ಲ. ಕಪ್ಪು ಕೈಗೆ ಬಂದಾಗ ಮಾವ ಅಡುಗೆಮನೆ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ:

‘ಅಳಿಯಾ, ಹಾಲು ಮುಗದಾವೇನು?’

ಮಾನ ಉಳಿಸಿಕೊಳ್ಳಲು ನಾನು ಮಸ್ಕಟೆಲ್ ಎಂಬ ದ್ರಾಕ್ಷಿಯ ಘಮದ ಕಥೆ ತೆಗೆದೆ. ಡಾರ್ಜಿಲಿಂಗ್‌ನ ಬೇಸಿಗೆ ಫಸಲಿಗೆ ಆ ಘಮ ಬರುವುದರಲ್ಲಿ ಜಿಗಿಹುಳುವಿನ ಕೈವಾಡವೂ ಇದೆ, ಅದು ರಸ ಹೀರಿದಾಗ ಗಿಡ ತನ್ನನ್ನು ಕಾಯ್ದುಕೊಳ್ಳಲು ಪರಿಮಳ ಬಿಡುತ್ತದೆ ಅಂದೆ. ಹತ್ತಿ ಬೆಳೆಯುವ ಮನುಷ್ಯ, ಕಪ್ಪು ಕೆಳಗಿಟ್ಟ.

‘ಅಲ್ಲೋ, ನಮ್ಮ ಹತ್ತಿಗೆ ಬಿದ್ರ ಸಾಲಾ ಮಾಡಿ ಎಣ್ಣಿ ಹೊಡಿತೀವಿ. ಅಲ್ಲಿ ಹುಳಾ ಕಡದದ್ದಕ್ಕ ರೊಕ್ಕಾ ಹೆಚ್ಚು ಕೊಡ್ತಾರೇನು?’

ಕೊಡುತ್ತಾರೆ ಅಂದೆ. ಬಹಳ ಹೊತ್ತು ಅದನ್ನೇ ಯೋಚಿಸಿದ. ಆಮೇಲೆ ಪಾತ್ರೆಯೊಳಗಿನ ತೊಯ್ದ ಎಲೆಯನ್ನು ಮೂಗಿನ ಹತ್ತಿರ ಹಿಡಿದು, ‘ಮಳಿ ಹನಿ ಬಿದ್ದ ಜ್ವಾಳದ ಕಣಿಕಿ ವಾಸನಿ ಬರತೈತಿ’ ಅಂದ. ನನ್ನ ನೋಟ್‌ಬುಕ್ಕಿನ ತುಂಬ ಮಸ್ಕಟೆಲ್ ಎಂದು ಬರೆದಿದ್ದೆ. ಆ ಹೆಸರಿನ ದ್ರಾಕ್ಷಿಯನ್ನು ನಾನು ಕಣ್ಣಲ್ಲೂ ಕಂಡವನಲ್ಲ. ಅದರ ಕೆಳಗೆ ‘ಕಣಿಕೆ’ ಎಂದು ಬರೆದುಕೊಂಡೆ.

ಒಳಗೆ ಹೆಂಡತಿ ಆಗಲೇ ಶುಂಠಿ ಜಜ್ಜುತ್ತಿದ್ದಳು.