ಪೂರ್ತಿ ಕೆಸರಿದ್ದವನೇ ಭಾಗ್ಯವಂತ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1990ರ ಒಂದು ಕಾಯ್ದೆಯ ಪ್ರಕಾರ ಜೌಗು, ನೆರೆ ನುಗ್ಗುವ ತಗ್ಗು, ಕುಸಿಯುವ ಇಳಿಜಾರು, ಅಂತರ್ಜಲ ತುಂಬುವ ನೆಲ, ಮೀನು-ಮೃಗಗಳ ನೆಲೆ ಇವನ್ನೆಲ್ಲ ಸ್ಥಳೀಯ ಆಡಳಿತ ಕಾಪಾಡಬೇಕು. ಕಾಪಾಡುವುದೆಂದರೆ ಅಲ್ಲಿ ಮನೆ ಕಟ್ಟಕೂಡದು ಎಂದುಕೊಂಡಿರಾ? ಹಾಗಾದರೆ ನಿಮಗೆ ಕಾನೂನು ಓದಿ ಅಭ್ಯಾಸವಿಲ್ಲ. ನಿಯಮಾವಳಿಯ ಬಾಲದಲ್ಲಿ ‘ಸಮಂಜಸ ಬಳಕೆಯ ವಿನಾಯಿತಿ’ ಎಂಬುದೊಂದು ಸಾಮಾನ್ಯವಾಗಿ ಇರುತ್ತದೆ. ಜಾಗದಿಂದ ಬೇರೆ ಯಾವ ಸಮಂಜಸ ಉಪಯೋಗವೂ ಇಲ್ಲವೆಂದು ತೋರಿಸಿಕೊಟ್ಟರೆ ಕಟ್ಟಬಹುದು. ಚಾಪೆಯ ಕೆಳಗೆ ತೂರುವವರು, ರಂಗೋಲಿಯ ಕೆಳಗೆ ತೂರುವವರು ನಮಗೆ ಗೊತ್ತು. ಇಲ್ಲಿ ರಂಗೋಲಿ ಹಾಕುವಾಗಲೇ ತೂರಲು ಜಾಗ ಬಿಟ್ಟಿರುತ್ತಾರೆ.

ಇದರ ಸೊಗಸು ನೋಡಿ. ನಿವೇಶನದ ಮೂಲೆಯಲ್ಲಿ ನಾಲ್ಕು ಗಜ ಒಣನೆಲ ಇದ್ದವನು ಕೆಟ್ಟ. ಅವನು ಆ ಮೂಲೆಯಲ್ಲೇ ಮುದುಡಿಕೊಳ್ಳಬೇಕು. ಬೇಲಿಯಿಂದ ಬೇಲಿಗೆ ಕೆಸರೇ ಇದ್ದವನ ಮುಂದೆ ಮಾತ್ರ ಕಾನೂನು ಕರಗುತ್ತದೆ. ಮನೆಗೆ ಎಷ್ಟು ಅಯೋಗ್ಯವೋ ಅಷ್ಟು ಗಟ್ಟಿ ಅರ್ಜಿ! ಹಾಗಾಗಿ ತಜ್ಞರಿಗೆ ಹಣ ತೆತ್ತು, ತನ್ನ ಭೂಮಿ ಯಾವುದಕ್ಕೂ ಬಾರದ್ದೆಂದು ಬರೆಸಿಕೊಳ್ಳುವ ಮಾಲೀಕ ಇಲ್ಲಿ ಸಿಗುತ್ತಾನೆ. ಕಪ್ಪೆ ಅಲ್ಲೇ ಸಂಸಾರ ಹೂಡಿರುವುದು ಸಮಂಜಸ ಬಳಕೆಯಲ್ಲವೇ ಎಂದು ಕೇಳಬೇಡಿ, ಕಪ್ಪೆ ಆಸ್ತಿ ತೆರಿಗೆ ಕಟ್ಟುವುದಿಲ್ಲ. ಅದರ ಜೌಗು ಹೋದರೇನಂತೆ, ಬೇರೆಡೆ ಹೊಸ ಜೌಗು ಮಾಡಿಕೊಡುತ್ತಾರೆ, ಇಲ್ಲವೇ ಬೇರೆಡೆ ಮೊದಲೇ ಜೌಗು ಬೆಳೆಸಿ ಅದರ ಲೆಕ್ಕವನ್ನು ಮಾರುವ ಜೌಗು ಬ್ಯಾಂಕಿನಿಂದ ಕ್ರೆಡಿಟ್ ಕೊಳ್ಳುತ್ತಾರೆ. ವಿಳಾಸ ಬದಲಾದ ಸುದ್ದಿಯನ್ನು ಕಪ್ಪೆಗೆ ಯಾರು ತಲುಪಿಸಬೇಕೆಂಬುದು ನನಗೆ ಇನ್ನೂ ತಿಳಿದಿಲ್ಲ.

ಆಡಳಿತವನ್ನು ಪೂರ್ತಿ ದೂರುವಂತೆಯೂ ಇಲ್ಲ. ಪರಿಹಾರ ಕೊಡದೆ ಖಾಸಗಿ ಆಸ್ತಿ ಕಿತ್ತುಕೊಳ್ಳಬೇಡ ಎನ್ನುತ್ತದೆ ಅಲ್ಲಿನ ಸಂವಿಧಾನದ ಐದನೇ ತಿದ್ದುಪಡಿ. ಕಟ್ಟುವುದನ್ನು ಪೂರ್ತಿ ತಡೆದರೆ ಅದೂ ಕಿತ್ತುಕೊಂಡಂತಾಗಿ ಪರಿಹಾರ ತೆರಬೇಕಾದೀತೆಂಬ ಭಯ ಎಂಥದೆಂದು ದಕ್ಷಿಣ ಕ್ಯಾರೊಲಿನಾ ರಾಜ್ಯಕ್ಕೆ ಗೊತ್ತು. ಡೇವಿಡ್ ಲ್ಯೂಕಸ್ ಎಂಬವರು 1986ರಲ್ಲಿ ಕಡಲಂಚಿನ ಎರಡು ನಿವೇಶನಗಳನ್ನು 9,75,000 ಡಾಲರಿಗೆ ಕೊಂಡರು. 1988ರಲ್ಲಿ ಕರಾವಳಿ ರಕ್ಷಣೆಯ ಕಾಯ್ದೆ ಬಂದು ಕಟ್ಟಡಕ್ಕೆ ತಡೆ ಬಿತ್ತು. 1992ರಲ್ಲಿ ಸುಪ್ರೀಂ ಕೋರ್ಟ್ ಲ್ಯೂಕಸ್ ಪರ ನಿಂತಿತು. ಕೊನೆಗೆ ರಾಜ್ಯ ಸುಮಾರು 15 ಲಕ್ಷ ಡಾಲರ್ ತೆತ್ತು ಆ ಪವಿತ್ರ ಮರಳನ್ನು ತನ್ನದಾಗಿಸಿಕೊಂಡಿತು. ಆಮೇಲೆ? ಕೈಬಿಟ್ಟ ಹಣ ನೆನಪಾಗಿರಬೇಕು, ಮನೆ ಕಟ್ಟುವವರಿಗೇ ಮಾರಿತು.

1957ರಿಂದ 1963ರವರೆಗೆ ಆ ನಿವೇಶನಗಳು ನೀರಿನಡಿ ಇದ್ದವೆಂದು ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ತಮ್ಮ ಭಿನ್ನ ತೀರ್ಪಿನಲ್ಲಿ ಬರೆದಿಟ್ಟಿದ್ದಾರೆ. ಆಗ ಸಮುದ್ರ ಯಾವ ವಿನಾಯಿತಿಗೂ ಅರ್ಜಿ ಹಾಕಿರಲಿಲ್ಲ.