ಒನ್ಸ್ ಮೋರ್ ಅಂದರೆ ಹಾಡೋದು ಯಾರು?

ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಬ್ಯಾಂಕಿನಿಂದ ರಿಟೈರ್ ಆದವರು. ಪುಣೆಯ ಹಳೇ ಬಡಾವಣೆಗಳಲ್ಲಿ ಇಂಥವರು ಕಟ್ಟಡಕ್ಕೊಬ್ಬರು ಸಿಗುತ್ತಾರೆ. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ನಿದ್ದೆ, ಸಂಜೆ ನಾಟಕ. ಅವರ ಹೆಂಡತಿ ಕಾಕೂಗೆ ಮೊಣಕಾಲು ನೋವು ಅಂತ ಹೋದ ತಿಂಗಳು ಒಂದು ಟಿಕೆಟ್ ಉಳಿಯಿತು. ಅದು ನನಗೆ ಬಂತು. ಮರಾಠಿಯ ಹಳೇ ಸಂಗೀತ ನಾಟಕ 'ಸಂಗೀತ ಸೌಭದ್ರ'. ಲಿಫ್ಟಿನಲ್ಲಿ ಇಳಿಯುವಾಗ ಅವರು ಸುಮ್ನೆ ಮಾತಿಗೆ ಅಂತ ಕೇಳಿದರು, "ನಿಮ್ಮ ಕರ್ನಾಟಕದ ಕಡೆ ಸಂಗೀತ ನಾಟಕ ಇಲ್ಲ, ಅಲ್ವಾ?"

ಚುರ್ ಅಂತು. ಲಿಫ್ಟಿನಿಂದ ರಿಕ್ಷಾ ಸ್ಟ್ಯಾಂಡಿನವರೆಗೆ ನಾನು ಅವರಿಗೆ ಪಾಠವನ್ನೇ ಒಪ್ಪಿಸಿದೆ. 1842ರಲ್ಲಿ ಹೊನ್ನಾವರದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಬಂದು ಆಟ ಆಡಿದ್ದು, ಅದನ್ನು ನೋಡಿದ ರಾಜರು ಹೇಳಿದ್ದಕ್ಕೆ ಮರುವರ್ಷ ವಿಷ್ಣುದಾಸ ಭಾವೆ ಮರಾಠಿಯ ಮೊದಲ ನಾಟಕ ಅನ್ನಿಸಿಕೊಂಡ 'ಸೀತಾ ಸ್ವಯಂವರ' ಕಟ್ಟಿದ್ದು. 1880ರಲ್ಲಿ ಇದೇ ಪುಣೆಯಲ್ಲಿ 'ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಗಾಯಕ ನಟ ಕೇಶವರಾವ್ ಭೋಸಲೆ 'ಲಲಿತಕಲಾದರ್ಶ' ನಾಟಕ ಕಂಪನಿ ಶುರು ಮಾಡಿದ್ದು 1908ರಲ್ಲಿ, ಹುಬ್ಬಳ್ಳಿಯಲ್ಲಿ. ನೀವು ಪ್ರತಿ ಡಿಸೆಂಬರಿನಲ್ಲಿ ಶಾಲು ಹೊದ್ದು ಹೋಗಿ ಕೂರುವ ಉತ್ಸವದ ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು, ಅವರಿಗೆ ಹೆಸರು ಬಂದದ್ದು ನಿಮ್ಮ ಮರಾಠಿ ನಾಟಕದಲ್ಲಿ ಹಾಡಿಯೇ.

ಕಾಕಾ ತಾಳ್ಮೆಯಿಂದ ಎಲ್ಲ ಕೇಳಿದರು. ಆಮೇಲೆ ಅಂದರು, "ಅದೆಲ್ಲ ಗೊತ್ತಿದೆ. ಅದು ಆಗಿನ ಮಾತು. ಈಗ ನಿಮ್ಮಲ್ಲಿ ಏನು ನಡೀತದೆ ಹೇಳಿ."

ಅಷ್ಟರಲ್ಲಿ ರಿಕ್ಷಾ ಬಂತು, ನನ್ನ ಪುಣ್ಯ.

ಸೌಭದ್ರ 1882ರ ನಾಟಕ. ಅರ್ಜುನ, ಸುಭದ್ರೆ, ಬಲರಾಮನ ಹಟ, ಕೃಷ್ಣನ ಕಿತಾಪತಿ. ಕಥೆ ಎಲ್ಲರಿಗೂ ಗೊತ್ತು, ಪದಗಳಂತೂ ಇನ್ನೂ ಗೊತ್ತು. ಮೊದಲ ಪ್ರಾರ್ಥನೆಯ ಹಾಡು ನಾಂದಿ ಶುರುವಾಗಿದ್ದೇ ತಡ, ನಮ್ಮ ಸಾಲಿನಲ್ಲಿ ಅರ್ಧ ಜನ ಗುನುಗತೊಡಗಿದರು. ವೇದಿಕೆಯ ಮುಂದೆ ಒಂದು ಕಡೆ ಆರ್ಗನ್, ಇನ್ನೊಂದು ಕಡೆ ತಬಲಾ. ಅರ್ಜುನನ ಪಾತ್ರದ ಹುಡುಗ ಎಳೆಯವನು. ಅಭಿನಯ ಸಾಧಾರಣ, ಕೈಗಳನ್ನು ಎಲ್ಲಿ ಇಡಬೇಕು ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಆದರೆ ಹಾಡಿದಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ "ವನ್ಸ್ ಮೋರ್" ಅಂದರು. ಕೂಗಲಿಲ್ಲ. ಅಂಗಡಿಯಲ್ಲಿ ಇನ್ನೊಂದು ಕಾಲು ಕೇಜಿ ಕೊಡಪ್ಪ ಅನ್ನುವ ಹಾಗೆ, ತಮ್ಮ ಹಕ್ಕು ಅನ್ನುವ ದನಿಯಲ್ಲಿ ಅಂದರು. ಹುಡುಗ ಆರ್ಗನ್ ನುಡಿಸುವವರ ಕಡೆ ನೋಡಿದ. ಅವರು ತಲೆ ಆಡಿಸಿದರು. ಪದ ಮತ್ತೆ ಮೊದಲಿಂದ ಶುರುವಾಯಿತು. ಎರಡನೇ ಸಲ ಅವನು ಬೇರೆ ಥರ ಹಾಡಿದ. ಒಂದು ತಾನ್ ಹೆಚ್ಚು ಹಾಕಿದ, ಅದರಲ್ಲಿ ಒಂಚೂರು ಜಾರಿದ, ಸಾವರಿಸಿಕೊಂಡು ಸಮಕ್ಕೆ ಬಂದ. ಜಾರಿದ್ದಕ್ಕೂ ಬಂದದ್ದಕ್ಕೂ ಸೇರಿ ಚಪ್ಪಾಳೆ ಬಿತ್ತು.

ಈಗ ನಮ್ಮೂರ ಕಡೆ ಬರೋಣ. ನಾನು ಬಾದಾಮಿ ಸೀಮೆಯವನು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಊರಿಗೆ ಹೋಗದಿದ್ದರೆ ಮನೆಯಲ್ಲಿ ವರ್ಷವಿಡೀ ಮಾತು ಕೇಳಬೇಕು. ಹಾಗಾಗಿ ಜನವರಿಯಲ್ಲಿ ಹೋಗಿದ್ದೆ. ತೇರು, ಹಣ್ಣು ಕಾಯಿ, ರೊಟ್ಟಿ ಬುತ್ತಿ, ಮಿರ್ಚಿ ಭಜಿ ಎಲ್ಲ ಮುಗಿದ ಮೇಲೆ ಮಾವ ಎಲ್ಲರನ್ನೂ ನಾಟಕಕ್ಕೆ ಎಳೆದುಕೊಂಡು ಹೋದ. ನಡುರಾತ್ರಿಯ ಆಟ. ತಗಡಿನ ಥಿಯೇಟರು ಭರ್ತಿ. ಹೀರೊಯಿನ್ ಪಾತ್ರದ ಹೆಣ್ಣುಮಗಳು ನಿಜಕ್ಕೂ ಚೆನ್ನಾಗಿ ಮಾತಾಡುತ್ತಿದ್ದಳು. ಹಾಡು ಬಂದಾಗ ಮಾತ್ರ ಬರೀ ತುಟಿ ಆಡಿಸಿದಳು. ಎರಡೂ ಬದಿಯ ಸ್ಪೀಕರಿನಿಂದ ಬಂದದ್ದು ಸಿನಿಮಾ ಹಾಡು. ನಡುವೆ ಪೆನ್ ಡ್ರೈವ್ ಕೈಕೊಟ್ಟಿತು. ಹಾಡು ನಿಂತಿತು, ಅವಳೂ ಕೈ ಎತ್ತಿದ ಭಂಗಿಯಲ್ಲೇ ನಿಂತಳು. ಮತ್ತೆ ಶುರುವಾಗಿ ಮುಗಿದಾಗ ಗ್ಯಾಲರಿಯಿಂದ ಯಾರೋ "ಒನ್ಸ್ ಮೋರ್" ಅಂತ ಸೀಟಿ ಹೊಡೆದರು. ಸೌಂಡಿನ ಹುಡುಗ ಬಟನ್ ಒತ್ತಿದ. ಅದೇ ಹಾಡು, ಅದೇ ಗಾಯಕಿ, ಅದೇ ಉಸಿರು. ಎರಡನೇ ಸಲ ಬೇರೆ ಥರ ಬರುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಕಾಕಾನ ಪ್ರಶ್ನೆಗೆ ನಿಜವಾದ ಉತ್ತರ ಇದು. ನಾನು ಅದನ್ನು ಅವರಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ.

ಹಳೇ ನಾಟಕ ಚಿನ್ನ, ಹೊಸದು ಕಸ ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಹಳೇ ಹಾಡುಗಳ ಮಟ್ಟುಗಳೇನು ಆಕಾಶದಿಂದ ಇಳಿದವಾ? ಕಿರ್ಲೋಸ್ಕರರು ಲಾವಣಿ, ಸಾಕಿ, ದಿಂಡಿ ಅನ್ನುವ ಮರಾಠಿ ಧಾಟಿಗಳ ಜೊತೆ ಕನ್ನಡದ ಮಟ್ಟುಗಳನ್ನೂ ಎತ್ತಿಕೊಂಡರು. ಆಮೇಲೆ ನಮ್ಮ ಕಂಪನಿಗಳು ಮರಾಠಿ ಮಟ್ಟುಗಳನ್ನು ವಾಪಸ್ ತಂದವು, ಅದು ಹಳತಾದಾಗ ಹಿಂದಿ ಸಿನಿಮಾದ್ದು ತಂದವು. ಕದಿಯುವುದು ನಾಟಕದವರ ಹಳೇ ಚಾಳಿ, ಅದಕ್ಕೆ ಬೈದು ಉಪಯೋಗವಿಲ್ಲ. ಆಗ ಕದ್ದ ಮಾಲನ್ನು ಹಾಡುವುದಕ್ಕೆ ವೇದಿಕೆ ಮೇಲೆ ಒಂದು ಗಂಟಲು ಇರುತ್ತಿತ್ತು, ಅಷ್ಟೇ ನಾನು ಹೇಳುವುದು. ಕಂಪನಿ ನಾಟಕದ ನಟ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರದ ವಿಷಯ ತೆಗೆದರೆ ನಮ್ಮಪ್ಪ ಈಗಲೂ ಎದ್ದು ಕೂರುತ್ತಾರೆ. ಕಥೆ ಹೇಳುವುದಿಲ್ಲ, ಬಾಳಪ್ಪನವರು ಮಾತಿನಿಂದ ಹಾಡಿಗೆ ಹೇಗೆ ದಾಟುತ್ತಿದ್ದರು ಅನ್ನುವುದನ್ನೇ ಹೇಳುತ್ತಾರೆ. ಗದಗಿನಲ್ಲಿ ಪಂಚಾಕ್ಷರ ಗವಾಯಿಗಳು ಕುರುಡು ಮಕ್ಕಳಿಗೆ ಅನ್ನ ಹಾಕಲು ನಾಟಕ ಕಂಪನಿ ಕಟ್ಟಿದರಲ್ಲ, ಅಲ್ಲಿ ಸಂಗೀತ ತೆಗೆದರೆ ಉಳಿಯುವುದೇನು? ಮಲ್ಲಿಕಾರ್ಜುನ ಮನಸೂರರೂ ಹುಡುಗನಾಗಿ ನಾಟಕದ ಕಂಪನಿಯಲ್ಲೇ ಇದ್ದವರು. ಈಗಿನ ಜಾತ್ರೆಯ ನಾಟಕದಿಂದ ಒಬ್ಬ ಹಾಡುಗಾರ ಹೊರಬರುವುದು ಸಾಧ್ಯವಾ?

ಮಾವನಿಗೆ ಇದನ್ನೇ ಹೇಳಿದೆ. ಭಜಿ ತಿನ್ನುತ್ತಾ ಅಂದ, "ದಿನಕ್ಕ ಮೂರು ಆಟ, ಒಮ್ಮೊಮ್ಮೆ ನಾಕು. ಗಂಟಲಂದ್ರ ಏನು ತಗಡ? ಹಾಡೋರು ಬೇಕಂದ್ರ ಪಗಾರ ನೀ ಕೊಡು."

ಪಗಾರದ ಮಾತು ಬಂದರೆ ನಾವು ಹೊರನಾಡಿನವರು ಸುಮ್ಮನಾಗುತ್ತೇವೆ. ಮಾವನಿಗೂ ಅದು ಗೊತ್ತು.

ಇತ್ತ ಕಾಕಾ ಕೂಡ ಪೂರಾ ಸರಿಯಿಲ್ಲ. ಅವರ ಪ್ರಕಾರ 1967ರ 'ಕಟ್ಯಾರ್ ಕಾಳಜಾತ್ ಘುಸಲಿ' ಕೊನೆಯ ಸಂಗೀತ ನಾಟಕ. ವಸಂತರಾವ್ ದೇಶಪಾಂಡೆ ಹಾಡಿದರು, ಜಿತೇಂದ್ರ ಅಭಿಷೇಕಿ ಬುವಾ ಸಂಗೀತ ಕೊಟ್ಟರು, ಅಲ್ಲಿಗೆ ಬಾಗಿಲು ಹಾಕಿತು. ನಾನು 'ಸಂಗೀತ ದೇವಬಾಭಳಿ' ಹೆಸರು ಎತ್ತಿದೆ. 2017ರದು. ತುಕಾರಾಮನ ಹೆಂಡತಿ ಆವಲಿಯ ಕಾಲಿಗೆ ಮುಳ್ಳು ಚುಚ್ಚುತ್ತದೆ. ಅವಳ ಆರೈಕೆಗೆ ಬೇರೆ ಹೆಸರಿನಲ್ಲಿ ಬರುವವಳು ಸಾಕ್ಷಾತ್ ರುಕ್ಮಿಣಿ. ವೇದಿಕೆಯಲ್ಲಿ ಇಬ್ಬರೇ ಹೆಣ್ಣುಮಕ್ಕಳು, ಇಬ್ಬರೂ ಅಲ್ಲೇ ನಿಂತು ಹಾಡುತ್ತಿದ್ದರು. ವಿಠ್ಠಲನ ಮೇಲೆ ಇಬ್ಬರಿಗೂ ಸಿಟ್ಟು, ಒಬ್ಬಳಿಗೆ ಗಂಡನನ್ನು ಕಸಿದುಕೊಂಡ ಅಂತ, ಇನ್ನೊಬ್ಬಳಿಗೆ ಮನೆ ಬಿಟ್ಟು ಭಕ್ತರ ಹಿಂದೆ ಓಡುತ್ತಾನೆ ಅಂತ. ಆ ಸಿಟ್ಟು ಹಾಡಿನಲ್ಲೇ ಬೆಳೆಯುತ್ತಿತ್ತು. ಹಾಡು ಮುಗಿಯುವಾಗ ಕಥೆ ಒಂದು ಹೆಜ್ಜೆ ಮುಂದೆ ಹೋಗಿರುತ್ತಿತ್ತು. ಸೌಭದ್ರದಲ್ಲಿ ಹಾಡು ಬಂದರೆ ಕಥೆ ಹೊರಗೆ ಹೋಗಿ ಚಹಾ ಕುಡಿದು ಬರಬಹುದು. 'ಶಾಕುಂತಲ'ಕ್ಕಂತೂ ಸುಮಾರು 200 ಪದ, ರಾತ್ರಿಯೆಲ್ಲ ಆಟ. ಹಳೇ ಕಂಪನಿಗಳಲ್ಲಿ ಸತ್ತ ದಶರಥ ಒನ್ಸ್ ಮೋರ್ ಬಿದ್ದರೆ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದನಂತೆ! ಆ ತಮಾಷೆ ನಮ್ಮಲ್ಲೂ ಉಂಟು, ಅವರಲ್ಲೂ ಉಂಟು.

"ಕೆನ್ನೆಗೆ ಮೈಕ್ ಅಂಟಿಸಿಕೊಂಡು ಹಾಡಿದರೆ ಅದು ಭಜನೆ," ಅಂದರು ಕಾಕಾ. ಆ ನಾಟಕವನ್ನು ಅವರು ನೋಡಿಯೇ ಇಲ್ಲ ಅಂತ ಆಮೇಲೆ ಕಾಕೂ ಹೇಳಿದರು.

ಮೈಕಿನ ಬಗ್ಗೆ ನನಗೆ ತಕರಾರಿಲ್ಲ. ಮೈಕ್ ಹಾಡುವವನ ದನಿಯನ್ನು ದೊಡ್ಡದು ಮಾಡುತ್ತದೆ, ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಆದ ಹಾಡು, ಹಾಡುವವನನ್ನೇ ಮನೆಗೆ ಕಳಿಸುತ್ತದೆ. ಟ್ರ್ಯಾಕ್ ಹಾಕಿದ ಹಾಡು ಈವತ್ತು ಕೆಡಲಾರದು. ಕೆಡಲಾರದ್ದು ಈವತ್ತು ವಿಶೇಷವಾಗಿ ಚೆನ್ನಾಗಿ ಆಗಲೂ ಆರದು. ನಿನ್ನೆ ನೋಡಿದವನೂ ಇವತ್ತು ನೋಡಿದವನೂ ಕೇಳಿದ್ದು ಒಂದೇ. ಮಾರನೇ ದಿನ ಕಟ್ಟೆಯ ಮೇಲೆ ಕೂತು ಜಗಳ ಆಡಲು ಏನೂ ಸಿಗುವುದಿಲ್ಲ.

ಬಿ.ವಿ. ಕಾರಂತರು ಇದ್ದರಲ್ಲ ಅಂತ ನೀವು ಕೇಳಬಹುದು. ಇದ್ದರು. ಗುಬ್ಬಿ ಕಂಪನಿಯಲ್ಲಿ ಬೆಳೆದವರು, ಹಾಡನ್ನು ನಾಟಕದ ಮೈಯೊಳಗೇ ಇಟ್ಟವರು. ದೊಡ್ಡ ಗಾಯಕ ಬೇಕಿಲ್ಲ, ನಾಲ್ಕು ಜನ ಸೇರಿ ಹಾಡಿದರೂ ರಂಗ ತುಂಬುತ್ತದೆ ಅಂತ ತೋರಿಸಿದರು. ಅವರ ಮಟ್ಟುಗಳನ್ನು ಹಾಡುವ ಹುಡುಗ ಹುಡುಗಿಯರು ಈಗಲೂ ರಾಜ್ಯದ ತುಂಬ ಇದ್ದಾರೆ. ಆದರೆ ಆ ನಾಟಕಗಳು ಬನಶಂಕರಿಯ ತಗಡಿನ ಥಿಯೇಟರಿಗೆ ಬರಲಿಲ್ಲ. ಕಾಲೇಜು, ಕಲಾಕ್ಷೇತ್ರ, ಶಿಬಿರ ಅಂತ ಬೇರೆ ದಾರಿ ಹಿಡಿದವು. ನನ್ನ ಮಾವ ಕಾರಂತರ ಹೆಸರು ಕೇಳಿದ್ದಾನೆ, ನಾಟಕ ಒಂದೂ ನೋಡಿಲ್ಲ.

ಪುಣೆಯ ಸಭಾಂಗಣದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಸೌಭದ್ರದ ರಾತ್ರಿ ದೀಪ ಹತ್ತಿದಾಗ ಸುತ್ತ ನೋಡಿದೆ. ತಲೆಗಳೆಲ್ಲ ಬೆಳ್ಳಗೆ. ತಲೆಗೆ ಬಣ್ಣ ಹಾಕಿದವರನ್ನು ಬಿಟ್ಟರೆ ಕರೀ ತಲೆ ನನ್ನದು ಮತ್ತು ಅರ್ಜುನನದು. ತಿಂಗಳಿಗೊಮ್ಮೆ ಎಲ್ಲೋ ಒಂದು ಪ್ರಯೋಗ, ಅದೂ ಮೂರು ಗಂಟೆಗೆ ಕತ್ತರಿಸಿದ್ದು. ಮಾವನ ಜಾತ್ರೆಯಲ್ಲಿ ಎಮ್ಮೆ ಕರೆದು, ಬಸ್ಸು ಹಿಡಿದು ಬಂದ ಜನ ಬೆಳಗಿನವರೆಗೆ ಕೂತಿದ್ದರು, ಮಕ್ಕಳು ಮಡಿಲಲ್ಲಿ ಮಲಗಿದ್ದವು. ಅಷ್ಟು ಜನ ಕಾಕಾನ ಥಿಯೇಟರಿಗೆ ಒಂದು ವರ್ಷದಲ್ಲೂ ಬರಲಿಕ್ಕಿಲ್ಲ.

ಇನ್ನೊಂದು ವಿಷಯ, ಇದನ್ನು ಬರೆಯುವಾಗ ನನ್ನೊಳಗಿನ ಉತ್ತರ ಕರ್ನಾಟಕದವನಿಗೆ ಸ್ವಲ್ಪ ಹೊಟ್ಟೆಯುರಿ. ನಮ್ಮ ಆಫೀಸಿನಲ್ಲಿ ತುರುವೇಕೆರೆ ಕಡೆಯ ಒಬ್ಬನಿದ್ದಾನೆ. ನಾನು ಕ್ಯಾಂಟೀನಿನಲ್ಲಿ ಇದೇ ರಾಗ ಎಳೆಯುತ್ತಿದ್ದಾಗ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ಅವರೂರ 'ಕುರುಕ್ಷೇತ್ರ'. ಕರ್ಣ ಇವನೇ. ಕಿರೀಟ, ಭುಜಕೀರ್ತಿ, ಬಾಡಿಗೆಯ ಸೀನರಿ, ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ದುರ್ಯೋಧನ ತೆಂಗಿನ ತೋಟದ ಯಜಮಾನ. ಅವನು ಕಂದ ಪದ್ಯ ಎತ್ತಿ ಕೊನೆಯ ಸಾಲನ್ನು ಎಳೆದ ಎಳೆತಕ್ಕೆ ಪೆಂಡಾಲ್ ಪೂರ್ತಿ ಎದ್ದು ನಿಂತಿತು. ಒನ್ಸ್ ಮೋರ್. ಮತ್ತೆ ಹಾಡಿದ. ಯಾರೋ ಹತ್ತಿ ಬಂದು ನೋಟಿನ ಹಾರ ಹಾಕಿದರು, ಕುರು ಸಾರ್ವಭೌಮ ಅವರಿಗೆ ಕೈಮುಗಿದು ಪದ್ಯ ಮುಂದುವರಿಸಿದ. ಶ್ರುತಿ ಅಲ್ಲಲ್ಲಿ ಓಡಾಡುತ್ತಿತ್ತು, ಕಥೆಯಂತೂ ಎಲ್ಲಿತ್ತೋ. ಪೆನ್ ಡ್ರೈವ್ ಮಾತ್ರ ಎಲ್ಲೂ ಇರಲಿಲ್ಲ.

ತುಮಕೂರು, ಮಂಡ್ಯ, ಹಾಸನದ ಕಡೆ ಇದು ಮಾಮೂಲಂತೆ. ಪಗಾರದ ಪ್ರಶ್ನೆಯೇ ಇಲ್ಲ, ಪಾತ್ರ ಮಾಡುವವರೇ ದುಡ್ಡು ಕೊಡುತ್ತಾರೆ. ಪಾತ್ರಕ್ಕೊಂದು ರೇಟು. ಕೇಳುವವರು ಜಾಸ್ತಿಯಾದರೆ ಒಬ್ಬ ಕೃಷ್ಣನನ್ನು ಇಬ್ಬರು ಮೂವರು ಹಂಚಿಕೊಳ್ಳುತ್ತಾರೆ. ನಮ್ಮವನು ಪುಣೆಯಲ್ಲಿ ಕೂತೇ ಕಲಿತನಂತೆ. ಮೇಷ್ಟ್ರು ಪದ್ಯಗಳನ್ನು ಹಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು, ಇವನು ಪಾರ್ಕಿಂಗಿನಲ್ಲಿ ಕಾರಿನ ಗಾಜು ಏರಿಸಿಕೊಂಡು ಅಭ್ಯಾಸ ಮಾಡುತ್ತಿದ್ದ. ಕಡೆಯ ಒಂದು ವಾರ ರಜೆ ಹಾಕಿ ಹೋಗಿದ್ದು ತಂಗಿಯ ಮದುವೆಗೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

"ನಿಮ್ಮ ಬಾದಾಮಿ ಕಡೆ ಇಲ್ವಾ ಸಾರ್ ಇದೆಲ್ಲ?" ಅಂದ. ಎರಡನೇ ಸಲ ಚುರ್ ಅಂತು. ಈ ಸಲ ಕರ್ಕಿ ಮೇಳದ ಕಥೆ ಹೇಳಲು ಹೋಗಲಿಲ್ಲ. ಮುಂದಿನ ಸಲದ ನಾಟಕಕ್ಕೆ ಶಕುನಿ ಇನ್ನೂ ಖಾಲಿ ಇದ್ದಾನಂತೆ. ಪದ್ಯ ಕಡಿಮೆ, ಮಾತು ಜಾಸ್ತಿ, ನಿಮಗೆ ಹೊಂದುತ್ತೆ ಅಂದ. ರೇಟು ಕೇಳಿದೆ. ದುರ್ಯೋಧನನ ಅರ್ಧಕ್ಕಿಂತ ಕಡಿಮೆ, ಆದರೆ ಡ್ರೆಸ್ಸಿನ ಬಾಡಿಗೆ ಬೇರೆ.